ಬಾಗಿಲಿಗೆ ಹಸಿರು ದೀಪ

ಹೈದರಾಬಾದಿನ ಕೋಠಿಯ ಎಲೆಕ್ಟ್ರಾನಿಕ್ಸ್ ಗಲ್ಲಿಯಲ್ಲಿ ನಿಂತು ಅವರು ಕೇಳಿದ್ದು ಒಂದು ಕಿವಿ. “ಏಕ್ ಕಾನ್ ದೇವ್ ಬಾಬಾ, ಛೋಟಾ” ಎಂದರು. ಅಂಗಡಿಯವನು ಒಮ್ಮೆ ಅವರ ಬಿಳಿಗೂದಲನ್ನೂ ಒಮ್ಮೆ ನನ್ನ ಮುಖವನ್ನೂ ನೋಡಿ, ಕಿವಿಗೆ ಹಾಕುವ ಮಿಷನ್ ಬೇಕಿದ್ದರೆ ಆಚೆ ರಸ್ತೆಯ ಮೆಡಿಕಲ್ ಅಂಗಡಿಗಳಲ್ಲಿ ವಿಚಾರಿಸಿ ಎಂದ. ಅವನ ಮಾತು ಅವರಿಗೆ ಕೇಳಿಸಲಿಲ್ಲ, ಬೆರಳು ರಸ್ತೆಯ ಕಡೆ ಹೋದದ್ದು ಮಾತ್ರ ಕಾಣಿಸಿತು. “ಮೇರೇ ಕೋ ನಕ್ಕೋ. ದರ್ವಾಜೇ ಕೋ ಹೋನಾ” ಎಂದು ಗಲ್ಲಿಗೆಲ್ಲ ಕೇಳುವಂತೆ ಹೇಳಿದರು. ತನಗೆ ಬೇಡವಂತೆ, ಬಾಗಿಲಿಗೆ ಬೇಕಂತೆ. ಅಕ್ಕಪಕ್ಕದ ಅಂಗಡಿಯವರೂ ತಿರುಗಿ ನೋಡಿದರು. ನಾನು ಅವರ ಜೊತೆ ಬಂದವಳೇ ಅಲ್ಲ ಎನ್ನುವ ಹಾಗೆ ಒಂದು ಹೆಜ್ಜೆ ಹಿಂದೆ ಸರಿದು ನಿಂತೆ.

ಕಡೆಗೆ ಮೊಬೈಲಿನ ವಿಡಿಯೊ ತೋರಿಸಿದ ಮೇಲೆ ಅವನಿಗೆ ವಿಷಯ ತಿಳಿಯಿತು. ಡ್ರಾಯರ್ ಎಳೆದು ಹೆಬ್ಬೆರಳಿನಗಲದ ಒಂದು ಬೋರ್ಡನ್ನು ತೆಗೆದು ಗಾಜಿನ ಮೇಲಿಟ್ಟ. ಸದ್ದು ಹಿಡಿಯುವ ಸೆನ್ಸರ್ ಅದು. ಒಂದು ತುದಿಯಲ್ಲಿ ಗುಂಡನೆಯ ತಗಡಿನ ಮೈಕು, ನಡುವೆ ತಿರುಗಿಸುವ ಸ್ಕ್ರೂ, ಪಕ್ಕದಲ್ಲಿ ಸಾಸಿವೆಯಷ್ಟು ದೀಪ. ವಯರು ಸಿಕ್ಕಿಸಿ ಚಪ್ಪಾಳೆ ತಟ್ಟಿದ, ದೀಪ ಹತ್ತಿತು. ಇವರೂ ತಟ್ಟಿದರು, ಮತ್ತೆ ಹತ್ತಿತು. ಅರವತ್ತು ದಾಟಿದ ಹೆಂಗಸು ಆ ಜನಜಂಗುಳಿಯಲ್ಲಿ ನಿಂತು ಬಿಡದೆ ಚಪ್ಪಾಳೆ ತಟ್ಟುತ್ತಿದ್ದರು. “ಇದಕ್ಕ ಕೇಳ್ತೈತಿ ನೋಡವಾ!” ಎಂದು ನನ್ನ ಕಡೆ ತಿರುಗಿದಾಗ ಅವರ ಮುಖದಲ್ಲಿದ್ದ ಖುಷಿ ನೋಡಿ ನನ್ನ ನಾಚಿಕೆ ಎಲ್ಲಿಗೋ ಹೋಯಿತು.

ಈ ಬೇಸಿಗೆಯಲ್ಲಿ ಅವರು ತೀರಿಕೊಂಡರು. ರಾಯಚೂರಿನಿಂದ ಅವರ ತಮ್ಮನ ಮಗಳು ಫೋನು ಮಾಡಿ ಹೇಳಿದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಅಂಗಡಿಯವನ ಪೆಚ್ಚು ಮುಖವೇ. ಸಾವಿನ ಸುದ್ದಿ ಕೇಳಿ ಮೊದಲು ನಗು ಬಂತು. ಅಳು ಆಮೇಲೆ ಬಂತು, ಅನ್ನಕ್ಕೆ ಇಟ್ಟು ಸುಮ್ಮನೆ ಅಡುಗೆಮನೆಯಲ್ಲಿ ನಿಂತಿದ್ದಾಗ.

ಹಿಮಾಯತ್‌ನಗರದ ಒಂದು ಹಳೆಯ ಕಟ್ಟಡದಲ್ಲಿ ಆಗ ನಾವು ಮೊದಲನೇ ಮಹಡಿ, ಅವರು ಎರಡನೆಯದು. ಲಿಫ್ಟ್ ಇರಲಿಲ್ಲ. ಅವರ ಮೇಲಿನ ಮನೆಯವರು ಉಪ್ಪಿನಕಾಯಿ, ಪುಡಿ ಮಾಡಿ ಮಾರುತ್ತಿದ್ದರು. ಹಗಲೆಲ್ಲ ಮಿಕ್ಸಿ ಗರಗರ ಎನ್ನುತ್ತಿತ್ತು. ನನ್ನ ಗಂಡನ ಬ್ಯಾಂಕು ಹತ್ತಿರದಲ್ಲಿತ್ತು, ನಾನು ದಿನಾ ಕೊಂಡಾಪುರಕ್ಕೆ ಹೋಗಿಬರುತ್ತಿದ್ದೆ. ಕಟ್ಟಡದಲ್ಲಿ ಎಲ್ಲರೂ ಅವರನ್ನು ‘ಆಪರೇಟರ್ ಮೇಡಂ’ ಎನ್ನುತ್ತಿದ್ದರು. ನಾನೂ ಹಾಗೆ ಕರೆದಾಗ ಗದರಿದರು: “ಮೇಡಂ ಅಂದ್ರ ಹೊಳ್ಳಿ ಡ್ಯೂಟಿಗೆ ಹೋದಂಗ ಆಗ್ತೈತಿ. ಮೌಶಿ ಅನ್ನು.” ನಾನು ಪುತ್ತೂರಿನ ಕಡೆಯವಳು, ನನ್ನ ಬಾಯಿಗೆ ದೊಡ್ಡಮ್ಮ ಬರುತ್ತದೆ, ಚಿಕ್ಕಮ್ಮ ಬರುತ್ತದೆ, ಮೌಶಿ ಬರುವುದಿಲ್ಲ. ಕೆಲವು ದಿನ ನಾಟಕದ ಮಾತು ಹೇಳುವವಳ ಹಾಗೆ ಹೇಳಿ, ಆಮೇಲೆ ರೂಢಿಯಾಯಿತು.

ಅವರು ಮದುವೆಯಾಗಿರಲಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಕೇಂದ್ರ ಸರ್ಕಾರದ ಒಂದು ದೊಡ್ಡ ಕಾರ್ಖಾನೆಯ ಟೆಲಿಫೋನ್ ಕೋಣೆಯಲ್ಲಿ ನೌಕರಿ ಪೂರ್ತಿ ಕಳೆದಿದ್ದರು. ಗೋಡೆಯಗಲದ ಬೋರ್ಡು, ಪ್ರತಿ ಲೈನಿಗೂ ಒಂದು ದೀಪ. ದೀಪ ಹತ್ತಿದರೆ ಯಾರೋ ಕರೆಯುತ್ತಿದ್ದಾರೆ ಎಂದು ಅರ್ಥ; ವಯರಿನ ತುದಿ ಚುಚ್ಚಿ “ಹಾಂ, ಬೋಲಿಯೇ”, ಅಂದರೆ ಹೇಳಿ, ಅನ್ನಬೇಕು, ಕೇಳಿದವರಿಗೆ ಲೈನು ಕೊಡಬೇಕು. ದೀಪವನ್ನು ಸುಮ್ಮನೆ ಉರಿಯಲು ಬಿಡುವುದು ಅವರ ಪ್ರಕಾರ ಬಾಗಿಲಿಗೆ ಬಂದವರನ್ನು ಬಿಸಿಲಲ್ಲಿ ನಿಲ್ಲಿಸಿದ ಹಾಗೆ. ಯಾವ ಸಾಹೇಬರು ಫೋನೆತ್ತಿದರು ಎಂಬುದು ಅವರು ಬಾಯಿ ಬಿಡುವ ಮೊದಲೇ ಇವರಿಗೆ ಗೊತ್ತಾಗುತ್ತಿತ್ತಂತೆ. ಒಬ್ಬರು ಮೊದಲು ಸೊರ್ ಎಂದು ಮೂಗು ಏರಿಸುತ್ತಿದ್ದರು, ಒಬ್ಬರ ಕುರ್ಚಿ ಕಿರ್ ಎನ್ನುತ್ತಿತ್ತು, ಒಬ್ಬರು ಉಸಿರು ಬಿಡುವುದರಲ್ಲೇ ಇವತ್ತು ಬೈಯುತ್ತಾರೋ ಇಲ್ಲವೋ ತಿಳಿಯುತ್ತಿತ್ತು. “ಹಂಗಾದರೆ ಎಲ್ಲರ ಗುಟ್ಟೂ ನಿಮಗೆ ಗೊತ್ತಿತ್ತು ಅನ್ನಿ” ಎಂದು ನಾನು ಕೀಟಲೆ ಮಾಡಿದರೆ ಮುಖ ಗಂಟು ಹಾಕಿಕೊಳ್ಳುತ್ತಿದ್ದರು. “ಲೈನ್ ಕೊಟ್ಟ ಮ್ಯಾಲ ಕಿವಿ ನಮ್ಮದಲ್ಲ ನೋಡವಾ.”

ಅಂಥ ಕಿವಿ ನಿವೃತ್ತಿಯಾದ ಮೇಲೆ ಕೈಕೊಟ್ಟಿತು. ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಯ ಹತ್ತಿರ ಬಗ್ಗಿ ನಿಧಾನವಾಗಿ ಹೇಳಿದರೆ ಅಷ್ಟಿಷ್ಟು ತಲುಪುತ್ತಿತ್ತು. ಕಿವಿಯ ಮಿಷನ್ ಹಾಕಿಸಿಕೊಂಡದ್ದೂ ಆಗಿತ್ತು, ಅದನ್ನು ಬೀರುವಿನಲ್ಲಿ ಮಡಚಿದ ಸೀರೆಗಳ ನಡುವೆ ಇಟ್ಟುಬಿಟ್ಟಿದ್ದರು. “ಹಾಕ್ಕೊಂಡ್ರ ಎಲ್ಲಾ ಲೈನೂ ಒಮ್ಮೆಗೇ ಬಿಚ್ಚಿದಂಗ ಆಗ್ತೈತಿ. ಫ್ಯಾನು, ಆಟೋ, ಮಂದಿ ಎಲ್ಲಾ ಕೂಡೇ ಮಾತಾಡ್ತಾವ. ಅದರಾಗ ನನಗ ಬೇಕಾದ ದನಿ ಹೆಂಗ ಹುಡುಕಲಿ?” ಅವರಿಗೆ ಬೇಕಾದ ದನಿ ಯಾವುದು ಎಂದು ನನಗೆ ಗೊತ್ತಾದದ್ದು ಸ್ವಲ್ಪ ದಿನ ಕಳೆದ ಮೇಲೆ.

ಟೆಲಿಫೋನ್ ಕೋಣೆಯಲ್ಲಿ ಅವರ ಎಡಕ್ಕೆ ಇನ್ನೊಬ್ಬರು ಕೂರುತ್ತಿದ್ದರು. ಮಲಕ್‌ಪೇಟೆಯವರು. ಇವರಿಗಿಂತ ಎರಡು ವರ್ಷ ದೊಡ್ಡವರಾದ್ದರಿಂದ ಇವರು ಅವರನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದರು. ಅವರು ಇವರನ್ನು ಬಾಯೀ ಎನ್ನುತ್ತಿದ್ದರು. ಆಪಾ ಕೂಡ ಒಂಟಿ. ಊಟದ ಡಬ್ಬಿ ಬಿಚ್ಚಿದರೆ ಇವರ ರೊಟ್ಟಿ ಅವರಿಗೆ, ಅವರ ಖಟ್ಟಿ ದಾಲ್ ಇವರಿಗೆ. ನಿವೃತ್ತಿಯ ಮೇಲೂ ಆಪಾ ಆಗಾಗ ಬಸ್ಸು ಹತ್ತಿ ಬರುತ್ತಿದ್ದರು. ಕರೆಗಂಟೆ ಒತ್ತುತ್ತಿರಲಿಲ್ಲ. ಹಿಂದೊಮ್ಮೆ ಮಳೆಗಾಲದಲ್ಲಿ ಆ ಗಂಟೆ ಅವರಿಗೆ ಶಾಕ್ ಹೊಡೆದಿತ್ತಂತೆ, ಅಂದಿನಿಂದ ಬೀಗದ ಕೈಯಿಂದ ಬಾಗಿಲು ಕುಟ್ಟುವುದೇ ಅವರ ರೂಢಿ.

ಹೀಗೆ ಒಂದು ಮಧ್ಯಾಹ್ನ ಬಂದು ಕುಟ್ಟಿದ್ದಾರೆ. ಇವರು ಒಳಗೇ ಕೂತು ಹೂವಿನ ಗಿಡದ ಒಣಗಿದ ಎಲೆ ಚಿವುಟುತ್ತಿದ್ದರು. ಕೇಳಿಸಲಿಲ್ಲ. ಆಪಾ ಮತ್ತೆ ಮತ್ತೆ ಕುಟ್ಟಿ, ನೋಯುವ ಮಂಡಿ ಹಿಡಿದುಕೊಂಡು ಇಳಿದು, ಕೆಳಗೆ ಇಸ್ತ್ರಿ ಹಾಕುವವನನ್ನು ಕೇಳಿದ್ದಾರೆ. ಮೇಡಂ ಮನೆಯಲ್ಲೇ ಇದ್ದಾರೆ, ಈಗಷ್ಟೇ ಬಾಲ್ಕನಿಯಲ್ಲಿ ಕಂಡರು ಎಂದು ಅವನು ಪ್ರಾಮಾಣಿಕವಾಗಿ ಹೇಳಿದ್ದಾನೆ. “ಕಿತ್ತಾ ಠೋಕೀ ಮೈ, ದರ್ವಾಜಾಚ್ ನೈ ಖೋಲೇ. ಬೋಲ್ ದೇನಾ ಬಾಯೀ ಕೋ” ಎಂದು ಹೇಳಿ ಹೋಗಿದ್ದಾರೆ. ಎಷ್ಟು ಬಡಿದರೂ ಬಾಗಿಲೇ ತೆಗೆಯಲಿಲ್ಲ, ಹೇಳಿಬಿಡು ಬಾಯೀಗೆ. ಸಂಜೆ ಬಟ್ಟೆ ತರಲು ಹೋದಾಗ ಇಸ್ತ್ರಿಯವನು ಈ ಮಾತನ್ನು ಇವರ ಬಲಗಿವಿಗೆ ಕೂಗಿ ಹೇಳಿದ.

ಮರುದಿನವೇ ಮಲಕ್‌ಪೇಟೆಗೆ ಓಡಿದರು. ಆಪಾ ಇದ್ದ ಬಾಡಿಗೆ ಮನೆಯನ್ನು ಕೆಡವುತ್ತಿದ್ದರು, ಕಿಟಕಿಗಳನ್ನು ಕಿತ್ತು ಗೋಡೆಗೆ ಒರಗಿಸಿದ್ದರು. ಅವರು ಎಲ್ಲಿಗೆ ಹೋದರು ಎಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಮನೆಯ ಫೋನು ಸತ್ತಿತ್ತು, ಮೊಬೈಲ್ ಆಪಾ ಇಟ್ಟುಕೊಂಡವರಲ್ಲ. ಹೊಸ ವಿಳಾಸ ಹೇಳಲೆಂದೇ ಬಂದಿದ್ದರು ಎಂದು ಆಗ ಇವರಿಗೆ ಹೊಳೆಯಿತು. “ಇನ್ನೊಮ್ಮೆ ಬಂದೇ ಬರ್ತಾಳ. ಆಗ ಬಾಗಲಾ ತೆರೀದಿದ್ರ ಮುಗೀತು” ಎಂದು ನನ್ನ ಮುಂದೆ ಹೇಳಿದರು. ನಿಮ್ಮ ಕಿವಿಯ ವಿಷಯ ಅವರಿಗೆ ಗೊತ್ತಾದರೆ ತಪ್ಪು ತಿಳಿಯುವುದಿಲ್ಲವಲ್ಲ ಎಂದೆ. ಸಿಟ್ಟೇ ಬಂತು. “ಆಕಿ ಮುಂದ ಕಿವುಡಿ ಅನ್ನಿಸ್ಕೊಳ್ಳಾಕ ಒಲ್ಲೆ. ನನ್ನ ಕಿವಿ ನೋಡಿ ಆಕಿ ಕೆಲಸ ಕಲತಾಕಿ.”

ಸೆನ್ಸರ್ ಪುರಾಣ ಶುರುವಾದದ್ದು ಇಲ್ಲಿಂದ. ಸದ್ದಿಗೆ ಹತ್ತುವ ದೀಪದ ವಿಡಿಯೊ ಎಲ್ಲೋ ಸಿಕ್ಕಿತು, ಕೂತು ನೋಡಿದರು. ಅವರಿಗೆ ಅದು ಹೊಸದಾಗಿ ಕಾಣಲಿಲ್ಲ, ತಮ್ಮ ಹಳೇ ಬೋರ್ಡೇ ಚಿಕ್ಕದಾಗಿ ಬಂದಿದೆ ಅನ್ನಿಸಿತು. ಬಾಗಿಲಿಗೆ ಹಸಿರು ದೀಪ, ಕುಕ್ಕರಿಗೆ ಕೆಂಪು, ಫೋನಿಗೆ ಹಳದಿ, ಮೂರೂ ಒಂದು ಹಲಗೆಯ ಮೇಲೆ, ತಾವು ಕೂರುವ ಕುರ್ಚಿಯ ಎದುರು. ನಾನು ಕಂಪ್ಯೂಟರ್ ಕೆಲಸದವಳಾದ್ದರಿಂದ ನನಗೆ ಎಲ್ಲ ಬರುತ್ತದೆ ಎಂದು ಅವರ ನಂಬಿಕೆ. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದಷ್ಟೇ ನನ್ನ ನೌಕರಿ, ವಯರು ಮುಟ್ಟಿದವಳಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಭಾನುವಾರಗಳಲ್ಲಿ ಇಬ್ಬರೂ ಅವರ ಊಟದ ಮೇಜಿನ ಮೇಲೆ ಬಣ್ಣಬಣ್ಣದ ವಯರು ಹರಡಿಕೊಂಡು ಕೂರುತ್ತಿದ್ದೆವು. ಕೂಡಿಸುವಾಗ ಪ್ರತಿ ವಯರನ್ನೂ “ಇದು ಎಲ್ಲಿಂದ, ಇದು ಎಲ್ಲಿಗೆ” ಎಂದು ಬಾಯಿಬಿಟ್ಟು ಹೇಳಿಕೊಂಡೇ ಸಿಕ್ಕಿಸುತ್ತಿದ್ದರು. ಕೆಟ್ಟರೆ ಬೇಸರವಿಲ್ಲ, ಬಿಚ್ಚಿ ಮೊದಲಿನಿಂದ ಶುರು.

ಮೊದಲ ಬಾರಿಗೆ ದೊಡ್ಡ ಬಲ್ಬಿಗೆ ಜೋಡಿಸಿದ ದಿನ ಬಲ್ಬು ಹತ್ತಿತು, ಆರಿತು, ಹತ್ತಿತು, ಆರಿತು, ನಿಲ್ಲಲೇ ಇಲ್ಲ. ಎರಡು ದಿನ ಅವರು ವಿಡಿಯೊ ನೋಡಿ ಇಳಿಸಿಕೊಂಡ ಪ್ರೋಗ್ರಾಮಿನ ಸಾಲು ಸಾಲು ತಿದ್ದಿ, ವಯರು ಬದಲಿಸಿ ಸುಸ್ತಾಗಿದ್ದರು. ನಾನು ಹೋಗಿ ನೋಡುತ್ತೇನೆ, ಬಲ್ಬಿಗೆ ಕರೆಂಟು ಬಿಡುವ ಪುಟ್ಟ ರಿಲೇ ಇದೆಯಲ್ಲ, ಅದು ಪ್ರತಿ ಸಲವೂ ‘ಟಕ್’ ಎನ್ನುತ್ತಿದೆ. ಮೈಕು ಪಕ್ಕದಲ್ಲೇ ಇದೆ. ಆ ಟಕ್ಕಿಗೇ ಅದು ಮತ್ತೆ ಬಲ್ಬು ಹಚ್ಚುತ್ತಿದೆ. ಕೋಣೆಗೆ ಬಂದ ಯಾರಿಗಾದರೂ ಕ್ಷಣದಲ್ಲಿ ಗೊತ್ತಾಗುವ ತಪ್ಪು. ಅವರಿಗೆ ಮಾತ್ರ ಆ ಟಕ್ ಕೇಳಿಸುತ್ತಿರಲಿಲ್ಲ. ಬಲಗಿವಿಗೆ ಬಗ್ಗಿ ಹೇಳಿದೆ. ಬಲ್ಬನ್ನೇ ನೋಡಿ ನಕ್ಕುಬಿಟ್ಟರು. “ತಾನಾ ಕರೀತೈತಿ, ತಾನಾ ಓ ಅಂತೈತಿ. ಒಬ್ಬಾಕಿ ಇರೋ ಮನೀದಲ್ಲಾ, ಅದಕ್ಕ ಹಂಗ ಆಗೈತಿ.” ನನಗೆ ನಗು ಬರಲಿಲ್ಲ.

ರಿಲೇ ಕಿತ್ತು ಸಣ್ಣ ದೀಪಗಳನ್ನೇ ಹಾಕಿದೆವು. ಕೆಂಪು, ಹಳದಿ ಎರಡೂ ಮಾತು ಕೇಳಿದವು. ಬಾಗಿಲಿನ ಹಸಿರು ದೀಪವೇ ಹಟಮಾರಿ. ಸ್ಕ್ರೂ ಒಂದು ಕಡೆ ತಿರುಗಿಸಿದರೆ ನಾನು ಹೊರಗೆ ನಿಂತು ಕೈ ನೋಯುವಂತೆ ಬಡಿದರೂ ಹತ್ತುವುದಿಲ್ಲ. ಕೂದಲೆಳೆ ಆ ಕಡೆ ತಿರುಗಿಸಿದರೆ ಆಟೋದ ಹಾರ್ನಿಗೆ, ಮೆಟ್ಟಿಲ ಮೇಲಿನ ನಾಯಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಮೇಲಿನ ಮನೆಯ ಮಿಕ್ಸಿಗೆ ಹತ್ತುತ್ತದೆ. ದೀಪ ಹತ್ತಿದರೆ ಅವರು ಏಳಲೇಬೇಕು. ಅದು ಮೈಗೆ ಹತ್ತಿದ ಅಭ್ಯಾಸ, ಕೂರು ಎಂದರೆ ಕೂರುವುದಿಲ್ಲ. ಎದ್ದು ಹೋಗಿ ಚಿಲಕ ತೆಗೆದು, ಯಾರು ಎಂದು ನೋಡುವ ಮೊದಲೇ “ಹಾಂ, ಬೋಲಿಯೇ” ಎನ್ನುತ್ತಿದ್ದರು, ಖಾಲಿ ಮೆಟ್ಟಿಲಿಗೆ.

ಕೆಳಗಿನ ನಮ್ಮ ಮನೆಗೆ ಅದೆಲ್ಲ ಕೇಳಿಸುತ್ತಿತ್ತು. ಚಿಲಕ ತೆಗೆಯುವುದು, ಆ ಮಾತು, ಆಮೇಲೆ ಒಂದು ಗಳಿಗೆ ಏನೂ ಇಲ್ಲ, ಮತ್ತೆ ಚಿಲಕ. ಕೆಲಸ ಮುಗಿಸಿ ಬರುವಾಗ ಎಷ್ಟೋ ಸಲ ಅವರು ಬಾಗಿಲ ಚೌಕಟ್ಟು ಹಿಡಿದು ಕೆಳಗೆ ಇಣುಕುತ್ತ ನಿಂತಿರುತ್ತಿದ್ದರು. ನನ್ನನ್ನು ಕಂಡು “ನೀನೇನ?” ಎನ್ನುತ್ತಿದ್ದರು. ಬರಬೇಕಾದವಳು ನಾನಲ್ಲ ಎಂದು ಅವರ ಮುಖ ಹೇಳುತ್ತಿತ್ತು. “ಮೌಶಿ, ಸ್ಕ್ರೂ ಸ್ವಲ್ಪ ಕಡಿಮೆ ಮಾಡೋಣ, ಹೀಗೆ ಎದ್ದು ಕೂತು ಕಾಲು ಏನಾಗಬೇಕು?” ಎಂದರೆ ಒಂದೇ ಉತ್ತರ. “ನೂರು ಸಲ ಸುಳ್ಳ ಎದ್ರೂ ಅಡ್ಡಿಯಿಲ್ಲ. ಆಕಿ ಒಮ್ಮಿ ಬಂದು ಹಂಗ ಹೊಳ್ಳಿ ಹೋಗಬಾರದು.”

ಹೀಗೆ ಒಂದು ಮಳೆಗಾಲ ಕಳೆಯಿತು, ಚಳಿಗಾಲ ಬಂತು. ಆಪಾ ಬರಲಿಲ್ಲ. ಅವರು ಆಪಾ ಮಾತೆತ್ತುವುದೂ ಕಡಿಮೆಯಾಯಿತು, ಏಳುವುದು ಮಾತ್ರ ನಿಲ್ಲಲಿಲ್ಲ. ನನ್ನ ಆಫೀಸಿನಲ್ಲಿ ಇಂಥದರ ಹುಚ್ಚಿರುವ ಒಬ್ಬನನ್ನು ವಿಚಾರಿಸಿದೆ. ಗಾಳಿಯಲ್ಲಿ ಬರುವ ಸದ್ದು ಬೇಡ, ಬಾಗಿಲ ಹಲಗೆ ಅದುರಿದರೆ ಮಾತ್ರ ತಿಳಿಯುವ ಹಿತ್ತಾಳೆಯ ಬಿಲ್ಲೆ ಸಿಗುತ್ತದೆ, ಅದನ್ನು ಅಂಟಿಸಿ, ಮಿಕ್ಸಿಯ ಕಾಟ ತಪ್ಪುತ್ತದೆ ಎಂದ. ಬಿಲ್ಲೆ ತರಿಸಿಕೊಂಡು ಒಂದು ಭಾನುವಾರ ಮಧ್ಯಾಹ್ನ ಮೇಲೆ ಹೋದೆ. ಏನೋ ಹಬ್ಬದ ಮರುದಿನ, ಕೆಳಗೆ ಇಸ್ತ್ರಿಯವನೂ ಅಂಗಡಿ ತೆರೆದಿರಲಿಲ್ಲ.

ಬಿಲ್ಲೆ ಕೈಗೆ ಕೊಟ್ಟು ಅದು ಹೇಗೆ ಎಂದು ವಿವರಿಸುತ್ತಿದ್ದೆ. ಮೇಲೆ ಮಿಕ್ಸಿ ಶುರುವಾಯಿತು. ಹಸಿರು ದೀಪ ಹತ್ತಿತು. ಅವರು ಎದ್ದರು. “ಮಿಕ್ಸಿ ಅದು ಮೌಶಿ, ಕೂತ್ಕೊಳ್ಳಿ” ಎಂದು ಕೈಸನ್ನೆ ಮಾಡಿದೆ, ಸೆರಗೂ ಎಳೆದೆ. “ದೀಪ ಹತ್ತೈತಿ” ಎಂದು ಸೆರಗು ಬಿಡಿಸಿಕೊಂಡು ಹೋದರು. ಚಿಲಕ ತೆಗೆದು “ಹಾಂ, ಬೋಲಿಯೇ” ಎಂದರು. ಆಮೇಲೆ ಮುಂದಿನ ಚಿಲಕದ ಸದ್ದು ಬರಲಿಲ್ಲ.

ನಾನು ಎದ್ದು ಹೋಗಿ ನೋಡಿದೆ. ಹತ್ತಿ ಬರುವ ಕೊನೆಯ ಮೆಟ್ಟಿಲಿನಲ್ಲಿ ಕಪ್ಪು ಬುರ್ಖಾ ಹಾಕಿದ ಸಣ್ಣ ಆಕಾರದ ಮುದುಕಿ, ಮಂಡಿ ನೀವಿಕೊಳ್ಳುತ್ತ ಕೂತಿದ್ದರು. ಬಾಗಿಲು ಇನ್ನೂ ಮುಟ್ಟಿರಲಿಲ್ಲ. ಕೈಯಲ್ಲಿ ಮಡಚಿದ ಚೀಟಿಯೊಂದಿತ್ತು. ತಲೆಯೆತ್ತಿ ಇವರನ್ನು ನೋಡಿದ ರೀತಿ ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗಿತ್ತು. ಇವರು ಅಲ್ಲೇ ಅವರ ಪಕ್ಕದ ಮೆಟ್ಟಿಲಿಗೆ ಕುಸಿದು ಕೂತು, ಮೊದಲು ಹೇಳಿದ್ದು, “ಉಸ್ ದಿನ್ ಸೋಯೀ ಥೀ ಮೈ ಆಪಾ.” ಆ ದಿನ ಮಲಗಿದ್ದೆ. ಅಷ್ಟು ದಿನದಿಂದ ಆ ಸುಳ್ಳನ್ನು ಸಿದ್ಧಮಾಡಿ ಇಟ್ಟುಕೊಂಡಿದ್ದರೇನೋ.

ಇನ್ನು ಈ ಬಾಗಿಲು ಕುಟ್ಟುವುದಿಲ್ಲ ಎಂದು ಆಪಾ ಆಣೆ ಮಾಡಿಕೊಂಡಿದ್ದರಂತೆ. ವಿಳಾಸದ ಚೀಟಿಯನ್ನು ಇಸ್ತ್ರಿಯವನ ಕೈಗೆ ಕೊಟ್ಟು ಹೋಗಲು ಬಂದವರು, ಅವನಿಲ್ಲದ್ದರಿಂದ ಮೇಲೆ ಹತ್ತಿದ್ದರು. ಬಾಗಿಲ ಸಂದಿಯಲ್ಲಿ ತಳ್ಳಿ ಇಳಿದುಬಿಡುವುದು, ಅದಕ್ಕೆ ಮೊದಲು ಒಂದು ಗಳಿಗೆ ಕಾಲು ಆರಿಸಿಕೊಳ್ಳುವುದು ಎಂದು ಕೂತಿದ್ದರು. ಇದನ್ನೆಲ್ಲ ಹೇಳಿ, ಇವರ ಗಲ್ಲ ಹಿಡಿದು ಕೇಳಿದರು: “ಮೇರೇ ಪಾಂವ್ ಕೀ ಆವಾಜ್ ಸುನ್ ಲಿಯೇ ಕ್ಯಾ ಬಾಯೀ?” ನನ್ನ ಹೆಜ್ಜೆಯ ಸಪ್ಪಳ ಕೇಳಿಸಿಬಿಟ್ಟಿತಾ? ಆಪಾ ಕೂತದ್ದು ಇವರ ಎಡಕ್ಕೆ. ಇವರು ಜೋರಾಗಿ ತಲೆಯಾಡಿಸಿದರು. ಆಪಾ ಅತ್ತುಬಿಟ್ಟರು. ಮೇಲೆ ಮಿಕ್ಸಿ ಇನ್ನೂ ತಿರುಗುತ್ತಿತ್ತು, ನಾನು ಬಾಯಿ ಮುಚ್ಚಿಕೊಂಡು ಟೀ ಇಡಲು ಒಳಗೆ ಹೋದೆ.

ಸಂಜೆಯವರೆಗೆ ಇದ್ದರು. ಆಪಾ ಮಾತಾಡಿದ್ದೇ ಮಾತಾಡಿದ್ದು, ಇವರು ನಕ್ಕದ್ದೇ ನಕ್ಕದ್ದು. ಅರ್ಧಕ್ಕೆ ಅರ್ಧ ಮಾತು ತಲುಪಲಿಲ್ಲ ಎಂದು ನನಗೆ ಗೊತ್ತಿತ್ತು. ಆಪಾ ತಂಗಿಯ ಮಗನ ಜೊತೆ ಅದೇ ವಾರ ನಾಂದೇಡಕ್ಕೆ ಹೊರಟಿದ್ದರು, ಅಲ್ಲೇ ಇರಲು. ಚೀಟಿಯಲ್ಲಿದ್ದದ್ದು ಆ ವಿಳಾಸ. ಆ ಮಂಡಿಯಲ್ಲಿ ಇನ್ನು ಹೈದರಾಬಾದಿಗೆ ಬರುವುದು ಆಗದ ಮಾತು, ಇವರು ನಾಂದೇಡಕ್ಕೆ ಹೋಗುವುದೂ ಅಷ್ಟೇ. ಇಬ್ಬರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಆಟೋ ಹತ್ತಿಸಲು ನಾನು ಆಪಾ ಜೊತೆ ಇಳಿದಾಗ ದಾರಿಯುದ್ದಕ್ಕೂ ಅವರದು ಒಂದೇ ಹೊಗಳಿಕೆ: ಬಾಯೀಯ ಕಿವಿ ಈಗಲೂ ಹಾಗೇ ಇದೆ, ನೋಡಿದೆಯಾ, ಕಾಲು ಇಟ್ಟದ್ದೇ ತಡ ತಿಳಿದುಬಿಟ್ಟಿತು. ನಾನು ಹೂಂ ಹೂಂ ಎಂದೆ.

ತಿರುಗಿ ಮೇಲೆ ಬಂದಾಗ ಅವರು ಅಡುಗೆಮನೆಯಲ್ಲಿ ಟೀ ಕಪ್ಪುಗಳ ಮುಂದೆ ನಿಂತಿದ್ದರು. ನನ್ನನ್ನು ಹತ್ತಿರ ಕರೆದು ಬಲಗಿವಿ ಕೊಟ್ಟರು.

“ಮೆಟ್ಟಲ ಮ್ಯಾಲ ಗಲ್ಲ ಹಿಡದು ಏನೋ ಕೇಳಿದ್ಲಲ್ಲ. ಏನ್ ಕೇಳಿದ್ಲು?”

“ನನ್ನ ಹೆಜ್ಜೆಯ ಸಪ್ಪಳ ಕೇಳಿಸಿತಾ ಅಂತ” ಎಂದೆ.

“ನಾ ಏನಂದೆ?”

“ಹೌದು ಅಂತ ತಲೆಯಾಡಿಸಿದ್ರಿ.”

“ಛಲೋ ಆತು” ಎಂದರು. ಆಮೇಲೆ ನಲ್ಲಿ ತಿರುಗಿಸಿ ಆಪಾ ಕುಡಿದ ಕಪ್ಪನ್ನು ತೊಳೆಯತೊಡಗಿದರು.